ಹಿರಿಯರ ಖುಷಿಗೂ ಒಂದು ಲೆಕ್ಕ

ಮೋಡಗಳನ್ನು ನೋಡುತ್ತ ಕೂರುವುದು. ಗೆಳೆಯರ ಜತೆ ಕಾಫಿ ಕುಡಿಯುವುದು. ಸಂಗೀತ ಕೇಳುವುದು. ಹಳೆಯ ಸವಿನೆನಪುಗಳನ್ನು ಮೆಲುಕು ಹಾಕುವುದು. ‘ಚೆನ್ನಾಗಿ ಮಾಡಿದಿರಿ’ ಎಂಬ ಮೆಚ್ಚುಗೆ ಕೇಳುವುದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮನೋವಿಜ್ಞಾನಿಗಳು ವಯಸ್ಸಾದವರಿಗೆಂದೇ ಸಿದ್ಧಪಡಿಸಿದ ಪ್ರಶ್ನಾವಳಿಯೊಂದರಲ್ಲಿ ಇಂಥ 66 ಸಾಲುಗಳಿವೆ. ಪ್ರತಿ ಸಾಲಿನ ಮುಂದೆಯೂ ಎರಡು ಉತ್ತರ ಕೊಡಬೇಕು. ಕಳೆದ ಒಂದು ತಿಂಗಳಲ್ಲಿ ಇದು ಎಷ್ಟು ಸಲ ನಡೆಯಿತು? ನಡೆದಾಗ ಮನಸ್ಸಿಗೆ ಎಷ್ಟು ಹಿತವಾಯಿತು? ನಡೆದೇ ಇಲ್ಲದಿದ್ದರೆ, ನಡೆದಿದ್ದರೆ ಎಷ್ಟು ಹಿತವಾಗುತ್ತಿತ್ತು?

ವಯಸ್ಸಾದವರನ್ನು ನೋಡಿಕೊಳ್ಳುವ ಮನೆಗಳಲ್ಲಿ ಅಳತೆಗೇನೂ ಕೊರತೆಯಿಲ್ಲ. ಬಿ.ಪಿ., ಸಕ್ಕರೆ, ತೂಕ, ಕಣ್ಣಿನ ಪವರ್ ಎಲ್ಲದರ ಲೆಕ್ಕವೂ ವೈದ್ಯರ ಫೈಲಿನಲ್ಲಿ ಇರುತ್ತದೆ. ದೂರದ ಊರಿನಿಂದ ಮಕ್ಕಳು ಫೋನ್ ಮಾಡಿದರೆ ‘ಊಟ ಆಯ್ತಾ? ಮಾತ್ರೆ ತಗೊಂಡ್ರಾ?’ ಎಂದು ತಪ್ಪದೆ ಕೇಳುತ್ತಾರೆ. ಈ ತಿಂಗಳು ಅಪ್ಪನಿಗೆ ಇಷ್ಟವಾದದ್ದು ಏನು ನಡೆಯಿತು, ಅಮ್ಮ ಯಾವುದಕ್ಕಾಗಿ ಹಾತೊರೆಯುತ್ತಿದ್ದಾಳೆ ಎಂಬ ಪ್ರಶ್ನೆ ಫೈಲಿನಲ್ಲೂ ಇಲ್ಲ, ಫೋನಿನಲ್ಲೂ ಇಲ್ಲ. ಹಿರಿಯರ ಮನಸ್ಸಿನ ಆರೋಗ್ಯವನ್ನು ಅರಿಯಲು ಈ ಪ್ರಶ್ನೆಗಳು ತೀರಾ ಮುಖ್ಯ ಎಂಬುದನ್ನು ಐದು ದಶಕಗಳ ಸಂಶೋಧನೆ ತೋರಿಸಿಕೊಟ್ಟಿದೆ.

ಈ ದಾರಿಯನ್ನು ತೆರೆದವರು ಒರೆಗಾನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಪೀಟರ್ ಲೆವಿನ್ಸನ್. ಖಿನ್ನತೆಯ ಮೂಲವನ್ನು ಅವರು ದಿನಚರಿಯಲ್ಲಿ ಹುಡುಕಿದರು. ಬದುಕಿನಿಂದ ಹಿತವಾದ ಸಂಗತಿಗಳು ಒಂದೊಂದಾಗಿ ಜಾರಿಹೋದರೆ ಮನಸ್ಸು ಕುಗ್ಗುತ್ತದೆ. ಕುಗ್ಗಿದ ಮನಸ್ಸಿಗೆ ಯಾವುದೂ ಬೇಡವೆನಿಸುತ್ತದೆ. ಬೇಡವೆಂದು ಬಿಟ್ಟಷ್ಟೂ ಹಿತದ ಸಂಗತಿಗಳು ಇನ್ನೂ ಕಡಿಮೆಯಾಗುತ್ತವೆ. ಈ ಸುಳಿಯನ್ನು ಪರೀಕ್ಷಿಸಲು 1970ರ ದಶಕದ ಆರಂಭದಲ್ಲಿ ಅವರ ತಂಡ ಒಂದಷ್ಟು ಜನರಿಗೆ ಚಟುವಟಿಕೆಗಳ ಪಟ್ಟಿ ಕೊಟ್ಟಿತು. ಅಂದು ಮಾಡಿದ್ದಕ್ಕೆಲ್ಲ ಗುರುತು ಹಾಕಿ, ಅಂದಿನ ಮನಃಸ್ಥಿತಿಗೂ ಅಂಕ ಕೊಡುವಂತೆ 30 ದಿನಗಳ ಕಾಲ ಕೇಳಿಕೊಂಡಿತು. ಹಿತವಾದ ಕೆಲಸಗಳು ಹೆಚ್ಚು ನಡೆದ ದಿನ ಮನಸ್ಸೂ ಹಗುರವಾಗಿತ್ತು, ಕಡಿಮೆಯಾದ ದಿನ ಭಾರವಾಗಿತ್ತು. ಲೆವಿನ್ಸನ್ ಮತ್ತು ಡಗ್ಲಸ್ ಮ್ಯಾಕ್‌ಫಿಲ್ಲಮಿ ಸೇರಿ ರೂಪಿಸಿದ ‘ಹಿತಕರ ಸಂಗತಿಗಳ ಪಟ್ಟಿ’ 320 ಸಾಲುಗಳಷ್ಟು ಉದ್ದವಿತ್ತು.

ಎಳೆಯರಿಗೂ ಹಿರಿಯರಿಗೂ ಈ ಸುಳಿ ಒಂದೇ. ಆದರೆ ಹಿರಿಯರ ಬಾಳಿನಲ್ಲಿ ಅದು ಬಹುಮಟ್ಟಿಗೆ ಹೊರಗಿನಿಂದ ಶುರುವಾಗುತ್ತದೆ. ನಿವೃತ್ತಿಯಾದ ಮರುದಿನ ಕಚೇರಿಯ ಮಾತುಕತೆ ನಿಲ್ಲುತ್ತದೆ. ಮಂಡಿನೋವು ಸಂಜೆಯ ತಿರುಗಾಟವನ್ನು ಕಸಿಯುತ್ತದೆ. ಕಣ್ಣಿಗೆ ಪೊರೆ ಬಂದರೆ ಪೇಪರ್ ಓದುವುದು ತಪ್ಪುತ್ತದೆ. ಸಂಗಾತಿ ತೀರಿಕೊಂಡರೆ ದಿನದ ಹತ್ತಾರು ಸಣ್ಣ ಮಾತುಗಳು ಒಮ್ಮೆಲೇ ಇಲ್ಲವಾಗುತ್ತವೆ. ಊರಿನ ಮನೆಗೆ ಬೀಗ ಹಾಕಿ ಬೆಂಗಳೂರಿನಲ್ಲಿರುವ ಮಗನ ಫ್ಲ್ಯಾಟಿಗೆ ಬಂದವರಿಗೆ ಜಗಲಿ, ನೆರೆಹೊರೆ, ಹಿತ್ತಲು ಮೂರೂ ಒಟ್ಟಿಗೇ ಕೈತಪ್ಪುತ್ತವೆ. ಇದನ್ನೆಲ್ಲ ‘ವಯಸ್ಸಾದ ಮೇಲೆ ಇಷ್ಟೇ’ ಎಂದು ಮನೆಯವರೂ ಒಪ್ಪಿಕೊಳ್ಳುತ್ತಾರೆ, ಹಿರಿಯರೂ ಒಪ್ಪಿಕೊಳ್ಳುತ್ತಾರೆ.

ವಯಸ್ಸಾದವರು ಹೇಗಿರಬೇಕು ಎಂಬ ಬಗ್ಗೆ ವಿದ್ವಾಂಸರಲ್ಲೂ ದೊಡ್ಡ ವಾದವೇ ನಡೆದಿತ್ತು. 1961ರಲ್ಲಿ ಇಲೇನ್ ಕಮಿಂಗ್ ಮತ್ತು ವಿಲಿಯಂ ಹೆನ್ರಿ ಎಂಬ ಇಬ್ಬರು, ಇಳಿವಯಸ್ಸಿನಲ್ಲಿ ವ್ಯಕ್ತಿ ಸಮಾಜದಿಂದ ಮೆಲ್ಲಗೆ ಹಿಂದೆ ಸರಿಯುವುದೇ ಸಹಜ ಎಂದು ಪ್ರತಿಪಾದಿಸಿದರು. ಷಿಕಾಗೊದ ರಾಬರ್ಟ್ ಹ್ಯಾವಿಗರ್ಸ್ಟ್ ಇದನ್ನು ಒಪ್ಪಲಿಲ್ಲ. ನಡುವಯಸ್ಸಿನ ಲವಲವಿಕೆಯನ್ನು ಉಳಿಸಿಕೊಂಡವರೇ ಹೆಚ್ಚು ತೃಪ್ತರು ಎಂಬುದು ಅವರ ನಿಲುವು. ಅದೇ ವರ್ಷ ಅವರು ಬರ್ನಿಸ್ ನ್ಯೂಗಾರ್ಟನ್ ಮತ್ತು ಶೆಲ್ಡನ್ ಟೋಬಿನ್ ಅವರೊಂದಿಗೆ ಬದುಕಿನ ತೃಪ್ತಿಯನ್ನು ಅಳೆಯುವ ಸೂಚ್ಯಂಕವೊಂದನ್ನು ಪ್ರಕಟಿಸಿದರು. ಹಿಂದೆ ಸರಿಯಬೇಕೋ, ಚಟುವಟಿಕೆಯಿಂದ ಇರಬೇಕೋ ಎಂಬ ಈ ವಾದದಲ್ಲಿ ‘ಯಾರಿಗೆ ಯಾವುದು ಇಷ್ಟ’ ಎಂಬ ಪ್ರಶ್ನೆ ಹಿಂದಕ್ಕೆ ಸರಿದಿತ್ತು.

ಕ್ಯಾಲಿಫೋರ್ನಿಯಾದ ಪಟ್ಟಿ ಆ ಪ್ರಶ್ನೆಯನ್ನು ಮುಂದಕ್ಕೆ ತಂದಿತು. ಹಿರಿಯರ ಖಿನ್ನತೆಗೆ ಚಿಕಿತ್ಸೆ ನೀಡುತ್ತ ದಶಕಗಳ ಕಾಲ ಕೆಲಸ ಮಾಡಿದ ಡೊಲೊರೆಸ್ ಗ್ಯಾಲಘರ್-ಥಾಂಪ್ಸನ್, ಲ್ಯಾರಿ ಥಾಂಪ್ಸನ್ ಮತ್ತು ಸಂಗಡಿಗರು ಸಿದ್ಧಪಡಿಸಿದ ಈ ಪಟ್ಟಿಯ 66 ಸಾಲುಗಳು ಐದು ಗುಂಪುಗಳಲ್ಲಿ ಹರಡಿಕೊಂಡಿವೆ: ಜನರೊಡನೆ ಬೆರೆಯುವುದು, ವಿಶ್ರಮಿಸುವುದು, ಚಿಂತನೆಯಲ್ಲಿ ತೊಡಗುವುದು, ಕೈಯಿಂದ ಕೆಲಸವಾಯಿತು ಎನಿಸುವಂಥದ್ದು, ಮತ್ತು ಏನಾದರೂ ಮಾಡುತ್ತಿರುವುದು. ಐದರಲ್ಲಿ ಎರಡು ಗುಂಪುಗಳು ಸುಮ್ಮನೆ ಕುಳಿತು ಅನುಭವಿಸುವಂಥವು. ಹಿರಿಯರು ಸದಾ ಏನಾದರೂ ಮಾಡುತ್ತಲೇ ಇರಬೇಕೆಂದು ಈ ಪಟ್ಟಿ ಒತ್ತಾಯಿಸುವುದಿಲ್ಲ. ಸಂಜೆ ಜಗಲಿಯಲ್ಲಿ ಒಬ್ಬರೇ ಕೂರುವುದು ಇಷ್ಟವಾದರೆ ಅದಕ್ಕೂ ಪೂರ್ಣ ಅಂಕವಿದೆ.

ಅಂಕ ಕೊಡುವ ಕ್ರಮ ಸರಳ. ತಿಂಗಳಲ್ಲಿ ಒಮ್ಮೆಯೂ ನಡೆಯದಿದ್ದರೆ 0, ಒಂದರಿಂದ ಆರು ಸಲ ನಡೆದಿದ್ದರೆ 1, ಏಳು ಅಥವಾ ಅದಕ್ಕಿಂತ ಹೆಚ್ಚು ಸಲ ನಡೆದಿದ್ದರೆ 2. ಹಿತವೇ ಅಲ್ಲದಿದ್ದರೆ 0, ಸ್ವಲ್ಪ ಹಿತವಾದರೆ 1, ತುಂಬ ಹಿತವಾದರೆ 2.

ಈ ಎರಡು ಅಂಕಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಒಬ್ಬರ ಬದುಕು ಎದ್ದು ಕಾಣುತ್ತದೆ. ಎಪ್ಪತ್ತೆರಡರ ಅಜ್ಜಿಯೊಬ್ಬರನ್ನು ಊಹಿಸಿಕೊಳ್ಳೋಣ. ಟಿ.ವಿ. ಧಾರಾವಾಹಿ ನೋಡುವುದಕ್ಕೆ ಅವರ ಅಂಕ 2 ಮತ್ತು 0: ದಿನವೂ ನೋಡುತ್ತಾರೆ, ಹಿತವೇನೂ ಇಲ್ಲ. ಹೂ ಕಟ್ಟುವುದಕ್ಕೆ 2 ಮತ್ತು 2. ಅಕ್ಕನ ಮನೆಗೆ ಹೋಗಿಬರುವುದಕ್ಕೆ 0 ಮತ್ತು 2. ಹೊರಗಿನಿಂದ ನೋಡುವವರಿಗೆ ಅಜ್ಜಿಯ ಕಾಲ ಟಿ.ವಿ. ಮುಂದೆ ಚೆನ್ನಾಗಿಯೇ ಕಳೆಯುತ್ತಿದೆ. ಹಾಳೆ ಹೇಳುವುದೇ ಬೇರೆ. ಅವರಿಗೆ ತುಂಬ ಬೇಕಾದದ್ದು ಇಡೀ ತಿಂಗಳಲ್ಲಿ ಒಮ್ಮೆಯೂ ಆಗಿಲ್ಲ. ಸೊನ್ನೆ ಮತ್ತು ಎರಡರ ನಡುವಿನ ಆ ಅಂತರ ಎಲ್ಲಿದೆಯೋ ಸಹಾಯವೂ ಅಲ್ಲಿಂದಲೇ ಶುರುವಾಗಬೇಕು.

ಎಲ್ಲ ಸಾಲುಗಳಲ್ಲೂ ಹಿತದ ಅಂಕವೇ ಕುಸಿದಿದ್ದರೆ, ಅಂದರೆ ಹಿಂದೆ ಪ್ರಾಣವಾಗಿದ್ದ ಸಂಗತಿಗಳೂ ಈಗ ರುಚಿಸದಿದ್ದರೆ, ವಿಷಯ ಗಂಭೀರ. ಆಸಕ್ತಿ ಬತ್ತುವುದು ಖಿನ್ನತೆಯ ಮುಖ್ಯ ಲಕ್ಷಣಗಳಲ್ಲೊಂದು. ಅಂಥವರನ್ನು ಬಸ್ಸು ಹತ್ತಿಸಿ ಅಕ್ಕನ ಮನೆಗೆ ಕಳಿಸಿದರೆ ಸಾಲದು, ವೈದ್ಯರ ನೆರವೂ ಬೇಕು.

ಮರೆವಿನ ಕಾಯಿಲೆ ಇರುವವರಿಗೂ ಲೆವಿನ್ಸನ್ ಅವರ ಪಟ್ಟಿಯ ಮಾದರಿಯಲ್ಲಿ ಮೊಟಕಾದ ಪಟ್ಟಿಗಳು ಸಿದ್ಧವಾಗಿವೆ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಲಿಂಡಾ ಟೆರಿ ಮತ್ತು ರೆಬೆಕ್ಕಾ ಲಾಗ್ಸ್‌ಡನ್ 1991ರಲ್ಲಿ ಅಲ್‌ಝೈಮರ್ಸ್ ರೋಗಿಗಳಿಗಾಗಿ 53 ಸಾಲುಗಳ ಪಟ್ಟಿ ಮಾಡಿದರು. 1997ರಲ್ಲಿ ಅದನ್ನು 20ಕ್ಕೆ ಇಳಿಸಿದರು. ಹೊರಗೆ ಬಯಲಲ್ಲಿರುವುದು, ನಗುವುದು, ಮನೆಗೆಲಸದಲ್ಲಿ ಕೈಜೋಡಿಸುವುದು, ಇಷ್ಟದ ಬಟ್ಟೆ ಉಡುವುದು, ಕಾರಿನಲ್ಲಿ ಒಂದು ಸುತ್ತು ಹೋಗಿಬರುವುದು, ಹಳೆಯದನ್ನು ನೆನೆದು ಮಾತಾಡುವುದು ಇಂಥ ಸಾಲುಗಳು ಅದರಲ್ಲಿವೆ. ಮನೆಯವರ ನೆರವಿನಿಂದ ತುಂಬಬಹುದಾದ ಈ ಪಟ್ಟಿ, ಎಷ್ಟು ಸಲ ನಡೆಯಿತು ಎಂಬುದರ ಜತೆಗೆ ಇನ್ನೂ ಮೂರು ವಿಷಯ ಕೇಳುತ್ತದೆ. ಅದಕ್ಕೆ ಅವಕಾಶವಿತ್ತೇ? ಈಗ ಇಷ್ಟವಾಗುತ್ತದೆಯೇ? ಹಿಂದೆ ಇಷ್ಟವಾಗುತ್ತಿತ್ತೇ?

ಇವುಗಳಲ್ಲಿ ಅವಕಾಶದ ಪ್ರಶ್ನೆಯ ತೂಕ ಹೆಚ್ಚು. ‘ಅವರಿಗೆ ಏನೂ ಬೇಡ’ ಎಂಬ ಮಾತಿನ ಹಿಂದೆ ‘ಅವರನ್ನು ಕರೆದುಕೊಂಡು ಹೋಗುವವರು ಯಾರೂ ಇಲ್ಲ’ ಎಂಬ ಸತ್ಯ ಅಡಗಿರಬಹುದು.

ಖುಷಿಯ ಕೆಲಸಗಳಿಂದ ಮನಸ್ಸು ಗೆಲುವಾಗುತ್ತದೆಯೋ, ಗೆಲುವಾದ ಮನಸ್ಸಿನವರು ಹೆಚ್ಚು ಕೆಲಸಗಳಲ್ಲಿ ತೊಡಗುತ್ತಾರೋ ಎಂಬ ಸಂಶಯ ಸಹಜ. ಬರೀ ಪಟ್ಟಿ ತುಂಬಿಸಿದರೆ ಇದಕ್ಕೆ ಉತ್ತರ ಸಿಗದು, ಪ್ರಯೋಗವೇ ನಡೆಯಬೇಕು. 1997ರಲ್ಲಿ ಟೆರಿ ಮತ್ತು ಸಂಗಡಿಗರು, ಮರೆವಿನ ಕಾಯಿಲೆಯ ಜತೆಗೆ ಖಿನ್ನತೆಯೂ ಇದ್ದ ರೋಗಿ ಮತ್ತು ಅವರನ್ನು ನೋಡಿಕೊಳ್ಳುವವರ 72 ಜೋಡಿಗಳನ್ನು ಬೇರೆ ಬೇರೆ ಗುಂಪುಗಳಾಗಿ ವಿಂಗಡಿಸಿದರು. ಒಂದು ಗುಂಪಿನ ಪಾಲಕರಿಗೆ ರೋಗಿಯ ದಿನದಲ್ಲಿ ಹಿತವಾದ ಸಂಗತಿಗಳನ್ನು ಹೇಗೆ ಸೇರಿಸಬೇಕೆಂದು ಒಂಬತ್ತು ವಾರ ಕಲಿಸಲಾಯಿತು. ಇನ್ನೊಂದು ಗುಂಪಿಗೆ ಸಮಸ್ಯೆ ಬಿಡಿಸುವ ಬಗೆ ಹೇಳಿಕೊಡಲಾಯಿತು. ಎರಡೂ ಗುಂಪುಗಳಲ್ಲಿ ರೋಗಿಗಳ ಖಿನ್ನತೆ ಇಳಿಯಿತು, ಎಂದಿನ ಆರೈಕೆಯಷ್ಟೇ ದೊರೆತವರಲ್ಲಿ ಆ ಸುಧಾರಣೆ ಕಾಣಲಿಲ್ಲ. ನೋಡಿಕೊಳ್ಳುವವರ ಖಿನ್ನತೆಯೂ ಕಡಿಮೆಯಾಯಿತು. ಆರು ತಿಂಗಳ ನಂತರವೂ ಫಲ ಉಳಿದಿತ್ತು.

ನೋಡಿಕೊಳ್ಳುವವರ ಮಾತನ್ನು ಇಲ್ಲಿ ಬಿಡುವಂತಿಲ್ಲ. ಹಾಸಿಗೆ ಹಿಡಿದ ಗಂಡನನ್ನು ನೋಡಿಕೊಳ್ಳುವವಳು ಬಹುತೇಕ ಅರವತ್ತೈದು–ಎಪ್ಪತ್ತರ ಹೆಂಡತಿಯೇ. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಬ್ರೆಂಟ್ ಮೌಸ್‌ಬಾಕ್ ಮತ್ತು ಸಂಗಡಿಗರು ಅಲ್‌ಝೈಮರ್ಸ್ ರೋಗಿಗಳನ್ನು ನೋಡಿಕೊಳ್ಳುವ ಸಂಗಾತಿಗಳನ್ನು ಅಧ್ಯಯನ ಮಾಡಿ ಎರಡು ಸಂಗತಿಗಳನ್ನು ಒಟ್ಟಿಗೆ ಅಳೆದರು: ಹಿತವಾದದ್ದು ಎಷ್ಟು ನಡೆಯುತ್ತಿದೆ, ಮತ್ತು ಆರೈಕೆಯ ಹೊಣೆಯಿಂದ ಓಡಾಟ ಎಷ್ಟು ಕಟ್ಟುಬಿದ್ದಿದೆ. ಮೊದಲನೆಯದು ಕಡಿಮೆ, ಎರಡನೆಯದು ಹೆಚ್ಚು ಇದ್ದವರ ಮನಸ್ಸೇ ಎಲ್ಲರಿಗಿಂತ ಹೆಚ್ಚು ಕುಗ್ಗಿತ್ತು. ಭಜನಾ ಮಂಡಳಿಗೆ ಹೋಗುವುದನ್ನು ಬಿಟ್ಟು ಎರಡು ವರ್ಷವಾಯಿತು ಎನ್ನುವ ಅಮ್ಮನಿಗೆ ವಾರಕ್ಕೊಮ್ಮೆ ಎರಡು ಗಂಟೆ ಬಿಡುವು ಮಾಡಿಕೊಡುವುದು ಮನೆಯವರ ಕೆಲಸ.

ಚಟುವಟಿಕೆಯ ಪಟ್ಟಿ ಕತೆಯ ಅರ್ಧ ಮಾತ್ರ. ಒಟ್ಟಾರೆ ಯೋಗಕ್ಷೇಮ ಹೇಗಿದೆ ಎಂದು ತಿಳಿಯಲು ಬೇರೆ ಅಳತೆಗಳಿವೆ. ವಿಶ್ವ ಆರೋಗ್ಯ ಸಂಸ್ಥೆಯ ಹೆಸರಿನಲ್ಲಿ 1998ರಲ್ಲಿ ಬಂದ ಐದು ಸಾಲಿನ ಸೂಚ್ಯಂಕ ಹಿಂದಿನ ಎರಡು ವಾರಗಳ ಉಲ್ಲಾಸ, ನೆಮ್ಮದಿ, ಚೈತನ್ಯ, ನಿದ್ದೆಯಿಂದ ಎದ್ದಾಗಿನ ಹುರುಪು, ದಿನನಿತ್ಯದ ಆಸಕ್ತಿ ಇವುಗಳನ್ನು ಕೇಳಿ ನೂರಕ್ಕೆ ಅಂಕ ಕೊಡುತ್ತದೆ. ಅಂಕ 50ಕ್ಕಿಂತ ಕೆಳಗಿದ್ದರೆ ಖಿನ್ನತೆಯ ತಪಾಸಣೆ ಒಳ್ಳೆಯದು. ಅಮೆರಿಕದ ಜೆರೋಮ್ ಯೆಸವೇಜ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಹಿರಿಯರಿಗೆಂದೇ ರೂಪಿಸಿದ ಖಿನ್ನತೆಯ ಮಾಪನದಲ್ಲಿ 30 ಪ್ರಶ್ನೆಗಳಿದ್ದವು, ಮುಂದೆ 15ಕ್ಕೆ ಇಳಿದವು. ಎಲ್ಲಕ್ಕೂ ಉತ್ತರ ಹೌದು ಅಥವಾ ಇಲ್ಲ. ನಿದ್ದೆ, ಹಸಿವು, ಮೈಕೈ ನೋವಿನ ಮಾತು ಅದರಲ್ಲಿ ಬೇಕೆಂದೇ ಕಡಿಮೆ. ಮನಸ್ಸು ಚೆನ್ನಾಗಿದ್ದರೂ ಆ ವಯಸ್ಸಿನಲ್ಲಿ ಅವೆಲ್ಲ ಏರುಪೇರಾಗುವುದು ಸಾಮಾನ್ಯ. 2003ರಲ್ಲಿ ಇಂಗ್ಲೆಂಡಿನಲ್ಲಿ ಸಿದ್ಧವಾದ 19 ಪ್ರಶ್ನೆಗಳ ಮಾಪನವಂತೂ ಇಳಿವಯಸ್ಸಿನ ಬದುಕಿನ ಗುಣಮಟ್ಟವನ್ನು ಕಾಯಿಲೆಗಳ ಲೆಕ್ಕದಿಂದ ಬಿಡಿಸಿ, ಹಿಡಿತ, ಸ್ವಾತಂತ್ರ್ಯ, ಸಾರ್ಥಕತೆ, ಸಂತೋಷ ಎಂಬ ನಾಲ್ಕು ನೆಲೆಗಳಲ್ಲಿ ನೋಡುತ್ತದೆ.

ಆ ಸಂತೋಷಕ್ಕೂ ದೇಹದ ಕಸುವಿಗೂ ನಂಟಿದೆಯೇ? ಲಂಡನ್‌ನ ಆ್ಯಂಡ್ರ್ಯೂ ಸ್ಟೆಪ್ಟೊ ಮತ್ತು ಸಂಗಡಿಗರು ಇಂಗ್ಲೆಂಡಿನ 60 ದಾಟಿದ 3,199 ಜನರನ್ನು ಎಂಟು ವರ್ಷ ಗಮನಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಬದುಕನ್ನು ಸವಿಯುವ ಭಾವ ಕಡಿಮೆ ಇದ್ದವರಲ್ಲಿ, ಮಂಚದಿಂದ ಏಳುವುದು, ಬಟ್ಟೆ ಹಾಕಿಕೊಳ್ಳುವುದು, ಸ್ನಾನ ಮಾಡುವುದು ಇಂಥ ನಿತ್ಯದ ಕೆಲಸಗಳಿಗೆ ತೊಡಕುಂಟಾಗುವ ಸಾಧ್ಯತೆ ಹೆಚ್ಚು ಸವಿಯುವವರಿಗಿಂತ ಮೂರು ಪಟ್ಟಿಗೂ ಮೀರಿತ್ತು. ಕಡಿಮೆ ಸವಿಯುವವರಲ್ಲಿ ಮೊದಲೇ ಕಾಯಿಲೆ ಇದ್ದವರು ಹೆಚ್ಚು ಎಂಬುದು ಇದಕ್ಕೆ ಒಂದಷ್ಟು ಕಾರಣ ನಿಜ. ವಯಸ್ಸು, ಆರ್ಥಿಕ ಸ್ಥಿತಿ, ಮೊದಲಿನ ಆರೋಗ್ಯ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೂ ನಂಟು ಪೂರ್ತಿ ಅಳಿಸಿಹೋಗಲಿಲ್ಲ.

ಭಾರತದಲ್ಲಿ 2011ರ ಜನಗಣತಿಯ ಪ್ರಕಾರವೇ 60 ದಾಟಿದವರು ಹತ್ತು ಕೋಟಿಗೂ ಹೆಚ್ಚು. ಇಷ್ಟು ದೊಡ್ಡ ಸಮುದಾಯದ ಮನಸ್ಸನ್ನು ಅರಿಯುವ ಪ್ರಯತ್ನದಲ್ಲಿ ಕರ್ನಾಟಕಕ್ಕೆ ಮೊದಲಿನಿಂದಲೂ ಪಾಲಿದೆ. ವಿಶ್ವ ಆರೋಗ್ಯ ಸಂಸ್ಥೆ 2007–10ರಲ್ಲಿ ಆರು ದೇಶಗಳಲ್ಲಿ ನಡೆಸಿದ ಮುಪ್ಪಿನ ಅಧ್ಯಯನಕ್ಕೆ ಭಾರತದಿಂದ ಆರಿಸಿಕೊಂಡ ಆರು ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಹಿಂದಿನ ದಿನವನ್ನು ಒಂದೊಂದೇ ಪ್ರಸಂಗವಾಗಿ ನೆನಪಿಸಿಕೊಂಡು, ಯಾವಾಗ ಏನು ಮಾಡಿದೆ, ಆಗ ಹೇಗನಿಸಿತು ಎಂದು ಹೇಳುವ ವಿಧಾನವನ್ನು ಅದರಲ್ಲಿ ಬಳಸಲಾಯಿತು. ಡೇನಿಯಲ್ ಕಾನಮನ್ ಮತ್ತು ಸಂಗಡಿಗರು 2004ರಲ್ಲಿ ಮುಂದಿಟ್ಟ ಈ ವಿಧಾನದ ಸಂಕ್ಷಿಪ್ತ ರೂಪ ಅದು. ಒಂದು ತಿಂಗಳನ್ನು ನೆನಪಿಸಿಕೊಳ್ಳುವಾಗ ತಪ್ಪಾದೀತು, ನಿನ್ನೆಯ ದಿನ ಎಲ್ಲರಿಗೂ ಹಸಿಯಾಗಿರುತ್ತದೆ.

ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯ ನೇತೃತ್ವದ ‘ಲಾಸಿ’ ಎಂಬ ದೇಶವ್ಯಾಪಿ ಅಧ್ಯಯನದ ಪೂರ್ವಭಾವಿ ಪರೀಕ್ಷೆ 2010ರಲ್ಲಿ ನಡೆದದ್ದು ಕರ್ನಾಟಕ, ಕೇರಳ, ಪಂಜಾಬ್ ಮತ್ತು ರಾಜಸ್ಥಾನಗಳಲ್ಲಿ. 2017–18ರ ಮೊದಲ ಸುತ್ತಿನಲ್ಲಿ 72 ಸಾವಿರಕ್ಕೂ ಹೆಚ್ಚು ಜನರನ್ನು ಮಾತಾಡಿಸಲಾಯಿತು. ಅವರಲ್ಲಿ 31,464 ಜನ 60 ದಾಟಿದವರು. ನೆಂಟರ ಮನೆಗೆ ಹೋಗುತ್ತೀರಾ, ಇಸ್ಪೀಟು ಆಡುತ್ತೀರಾ, ಪಾರ್ಕಿಗೆ ಹೋಗುತ್ತೀರಾ, ಪೂಜೆ–ಉತ್ಸವಗಳಲ್ಲಿ ಸೇರುತ್ತೀರಾ, ಪೇಪರ್ ಓದುತ್ತೀರಾ ಎಂದು ಲಾಸಿ ಕೇಳುತ್ತದೆ. ಆ ಭಾಗದ ಪ್ರಶ್ನೆಗಳ ಒತ್ತು ಇರುವುದು ಎಷ್ಟು ಸಲ ಎಂಬುದರ ಮೇಲೆ.

ಎಷ್ಟು ಹಿತ ಎಂಬುದು ತಿಳಿಯದೆ ಹೋದರೆ, ಕನ್ನಡದ ಮನೆಗಳಲ್ಲಿ ಬಹಳಷ್ಟು ತಪ್ಪು ಅರ್ಥವಾಗುತ್ತದೆ. ಮೊಮ್ಮಗುವನ್ನು ನೋಡಿಕೊಳ್ಳುವುದು ಒಬ್ಬ ಅಜ್ಜಿಗೆ ಜೀವದ ಹಿಗ್ಗು. ಬೆಳಗಿನ ಎಂಟರಿಂದ ರಾತ್ರಿ ಎಂಟರವರೆಗೆ ಒಬ್ಬಳೇ ನೋಡಿಕೊಳ್ಳಬೇಕಾದ ಇನ್ನೊಬ್ಬ ಅಜ್ಜಿಗೆ ಅದು ದಣಿವು. ಹಪ್ಪಳ–ಸಂಡಿಗೆ ಇಡುವುದು ಕೆಲವರಿಗೆ ಹಬ್ಬ, ಕೆಲವರಿಗೆ ಬೆನ್ನುನೋವು. ಎಪ್ಪತ್ತರಲ್ಲೂ ಕೂಲಿಗೆ ಹೋಗುವ ಹೆಂಗಸಿಗೆ ಒಂದು ಮಧ್ಯಾಹ್ನ ಮಲಗಲು ಸಿಕ್ಕಿದರೆ ಅದೇ ದೊಡ್ಡ ಸುಖ. ಯಾವುದು ಹಿತ ಎಂದು ಹೇಳುವ ಅಧಿಕಾರ ಅನುಭವಿಸುವವರಿಗೆ ಮಾತ್ರ ಇದೆ.

ಹಾಗಾಗಿ ಅಮೆರಿಕದ ಪಟ್ಟಿಯನ್ನು ಇದ್ದ ಹಾಗೇ ಇಲ್ಲಿಗೆ ತಂದರೆ ಪ್ರಯೋಜನವಿಲ್ಲ. ಕನ್ನಡದ ಹಿರಿಯರ ಪಟ್ಟಿಯಲ್ಲಿ ಅರಳಿಕಟ್ಟೆಯ ಹರಟೆ ಬೇಕು, ಸಂತೆಗೆ ಹೋಗಿಬರುವುದು ಬೇಕು. ಕರಾವಳಿಯಲ್ಲಾದರೆ ತಾಳಮದ್ದಳೆ, ಉತ್ತರ ಕರ್ನಾಟಕದಲ್ಲಾದರೆ ಕೌದಿ ಹೊಲಿಯುತ್ತ ಹಾಡು ಹೇಳುವುದು, ಮಲೆನಾಡಿನಲ್ಲಾದರೆ ತೋಟದಲ್ಲಿ ಒಂದು ಸುತ್ತು. ಚೌಕಾಬಾರ, ಜಾತ್ರೆ, ತವರಿನ ಊಟ, ಎಲೆಅಡಿಕೆ ಹಾಕುತ್ತ ಮಾತಾಡುವುದು. ಬಿತ್ತನೆಗೆ ಮುನ್ನ ಮಗ ಬಂದು ‘ಅಪ್ಪಾ, ಈ ಸಲ ಏನು ಹಾಕೋಣ?’ ಎಂದು ಕೇಳುವುದೂ ಒಂದು ಸಾಲಾಗಬೇಕು. ‘ನನ್ನಿಂದ ಇನ್ನೂ ಉಪಯೋಗವಿದೆ’ ಎನಿಸುವ ಸಂಗತಿಗಳು ಹಿರಿಯರಿಗೆ ಕೊಡುವ ಬಲ ದೊಡ್ಡದು.

ಕೇಳುವ ಬಗೆಯೂ ಮುಖ್ಯ. ‘ಖುಷಿಯಾಗಿದ್ದೀರಾ?’ ಎಂದು ನೇರವಾಗಿ ಕೇಳಿದರೆ ಬಹಳಷ್ಟು ಹಿರಿಯರು ‘ದೇವರು ಇಟ್ಟ ಹಾಗೆ’, ‘ಏನೋ ನಡೀತಿದೆ’ ಎಂದು ಮುಗಿಸುತ್ತಾರೆ. ಮಗ–ಸೊಸೆ ಎದುರಿಗಿದ್ದರೆ ಬೇರೆ ಉತ್ತರ ಬರುವುದೂ ಕಷ್ಟ. ಒಬ್ಬರೇ ಇರುವಾಗ, ಅವಸರವಿಲ್ಲದೆ, ಒಂದೊಂದೇ ಸಂಗತಿಯನ್ನು ಎತ್ತಿಕೊಂಡು ‘ಅಜ್ಜಾ, ಈ ತಿಂಗಳು ಕಟ್ಟೆ ಹತ್ತಿರ ಹೋಗಿದ್ರಾ? ಯಾಕೆ ಹೋಗಲಿಲ್ಲ?’ ಎಂದು ಕೇಳಿದರೆ ಮಾತು ತಾನಾಗಿ ಬಿಚ್ಚಿಕೊಳ್ಳುತ್ತದೆ. ಓದು ಬಾರದವರಿಗೆ ಹಾಳೆ ಕೊಡುವ ಬದಲು ಬಾಯಿಮಾತಿನಲ್ಲೇ ಕೇಳಿ ಗುರುತು ಹಾಕಿಕೊಳ್ಳಬಹುದು.

‘ಯಾಕೆ’ ಎಂಬುದಕ್ಕೆ ಬರುವ ಕಾರಣಗಳಲ್ಲಿ ಎಷ್ಟೋ ಸಣ್ಣವು, ಸರಿಪಡಿಸಬಹುದಾದವು. ಕನ್ನಡಕದ ಗಾಜು ಹಳೆಯದಾಗಿದೆ. ಕಿವಿ ಕೇಳದೆ ಹರಟೆಯಲ್ಲಿ ಕೂರಲು ಸಂಕೋಚ. ದಾರಿಯಲ್ಲಿ ಶೌಚಾಲಯವಿಲ್ಲ. ಪಾರ್ಕಿನ ಮೆಟ್ಟಿಲಿಗೆ ಹಿಡಿದುಕೊಳ್ಳುವ ಕಂಬಿಯಿಲ್ಲ. ಕೈಯಲ್ಲಿ ಬಸ್ ಚಾರ್ಜಿಗೆ ದುಡ್ಡಿಲ್ಲ. ಈ ಕೊನೆಯ ತೊಡಕು ಎಷ್ಟು ದೊಡ್ಡದೆಂಬುದು 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ಕರ್ನಾಟಕಕ್ಕೆ ಅರಿವಾಯಿತು. ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರು ಟಿಕೆಟ್ ಹಣವಿಲ್ಲದೆ ಓಡಾಡಬಹುದು ಎಂದಾದಾಗ, ಮಗಳ ಮನೆಗೋ ದೇವಸ್ಥಾನಕ್ಕೋ ಹೋಗಲು ಮನೆಯವರ ಮುಂದೆ ಕೈಚಾಚುವ ಪ್ರಮೇಯ ಅನೇಕ ವೃದ್ಧೆಯರಿಗೆ ತಪ್ಪಿತು. ಮನೋವಿಜ್ಞಾನಿಗಳ ಪಟ್ಟಿಯಲ್ಲಿ ‘ಅವಕಾಶವಿತ್ತೇ?’ ಎಂದಿರುವ ಅಂಕಣಕ್ಕೆ ಸರ್ಕಾರದ ತೀರ್ಮಾನವೂ ಅಂಕ ತುಂಬಬಲ್ಲದು.

ಇಂಥ ಕೆಲಸಕ್ಕೆ ದೊಡ್ಡ ಆಸ್ಪತ್ರೆಗಳೇ ಬೇಕೆಂದಿಲ್ಲ ಎಂಬುದಕ್ಕೆ ನೆರೆಯ ಗೋವಾದಲ್ಲಿ ಒಳ್ಳೆಯ ನಿದರ್ಶನವಿದೆ. ಖಿನ್ನತೆಯ ಆರಂಭದ ಲಕ್ಷಣಗಳಿದ್ದ 60 ದಾಟಿದ 181 ಜನರ ಮೇಲೆ ಅಮಿತ್ ಡಯಾಸ್, ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಅಲ್ಲಿ ಪ್ರಯೋಗ ನಡೆಸಿದರು. ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರೇ ಹಿರಿಯರ ಜತೆ ಕುಳಿತು ಸಮಸ್ಯೆಗಳನ್ನು ಬಿಡಿಸಿಕೊಳ್ಳುವ ಬಗೆ, ನಿದ್ದೆಯ ಕ್ರಮ, ಸರ್ಕಾರಿ ಸೌಲಭ್ಯ ಪಡೆಯುವ ದಾರಿ ಹೇಳಿಕೊಟ್ಟರು. ಒಂದು ವರ್ಷದ ನಂತರ ಈ ನೆರವು ಪಡೆದವರಲ್ಲಿ ಪೂರ್ಣ ಖಿನ್ನತೆಗೆ ಜಾರಿದವರು ಶೇ 4.4, ಎಂದಿನ ಆರೈಕೆಯಷ್ಟೇ ಸಿಕ್ಕಿದವರಲ್ಲಿ ಶೇ 14.4. ಈ ಫಲಿತಾಂಶ 2019ರಲ್ಲಿ ಪ್ರಕಟವಾಯಿತು.

ಮನೆಯಲ್ಲಿ ಯಾರಾದರೂ ಎರಡು ವಾರಕ್ಕೂ ಮೀರಿ ಮಂಕಾಗಿದ್ದರೆ, ಯಾವುದರಲ್ಲೂ ಮನಸ್ಸಿಲ್ಲ ಎನ್ನುತ್ತಿದ್ದರೆ, ಬದುಕು ಸಾಕೆಂಬ ಮಾತು ಬಂದರೆ ಪಟ್ಟಿ ತುಂಬಿಸುತ್ತ ಕೂರದೆ ವೈದ್ಯರನ್ನು ಕಾಣಬೇಕು. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು. ಹಿರಿಯ ನಾಗರಿಕರಿಗೆಂದೇ ಇರುವ ಸಹಾಯವಾಣಿ 14567.

ಆರೋಗ್ಯ ಇಲಾಖೆಯ ಕೈಯಲ್ಲಿ ಇದಕ್ಕೆ ಬೇಕಾದ ದಾರಿ ಆಗಲೇ ಇದೆ. 30 ದಾಟಿದವರಿಗಾಗಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ತುಂಬುವ ತಪಾಸಣಾ ನಮೂನೆಯಲ್ಲಿ, ಕಳೆದ ಎರಡು ವಾರಗಳಲ್ಲಿ ಕೆಲಸಗಳಲ್ಲಿ ಆಸಕ್ತಿ ಅಥವಾ ಸಂತೋಷ ಕಡಿಮೆಯಾಗಿತ್ತೇ ಎಂಬ ಪ್ರಶ್ನೆ ಸೇರಿದೆ. ಅರವತ್ತು ದಾಟಿದವರಿಗೆ ಅದರ ಬೆನ್ನಿಗೇ ಇನ್ನೆರಡು ಪ್ರಶ್ನೆ ಸೇರಿಸಬಹುದು: ನಿಮಗೆ ತುಂಬ ಇಷ್ಟವಾಗಿದ್ದು ಈಗ ನಡೆಯದೆ ಹೋಗಿರುವುದು ಯಾವುದು, ಅದಕ್ಕೆ ಅಡ್ಡಿಯಾಗಿರುವುದು ಏನು? ಕನ್ನಡಕ, ಕಿವಿಯ ಯಂತ್ರ, ಪಿಂಚಣಿ, ಜತೆಗೊಬ್ಬರು, ಪಂಚಾಯಿತಿ ಹಾಕಿಸಬಹುದಾದ ಒಂದು ಕಲ್ಲುಬೆಂಚು ಇವುಗಳಲ್ಲಿ ಯಾವುದು ಯಾರಿಗೆ ಬೇಕೆಂಬುದು ಆ ಎರಡು ಉತ್ತರಗಳಿಂದ ತಿಳಿಯುತ್ತದೆ. ಮೂರು ತಿಂಗಳ ನಂತರ ಅದೇ ಮನೆಗೆ ಹೋದಾಗ, ಇಷ್ಟದ ಆ ಸಂಗತಿ ನಡೆಯಿತೇ ಎಂದು ಕೇಳಿ ನಮೂನೆಯಲ್ಲಿ ಬರೆದುಕೊಳ್ಳಲು ಒಂದು ನಿಮಿಷ ಸಾಕು.